ಕಚೇರಿಯ ಬಸುರಿ

ಸುಳ್ಳು ಹೇಳುವುದಕ್ಕೆ ಸರ್ಕಾರವೇ ಸಂಬಳ ಕೊಡುವ ಕೆಲಸ ಅವಳದು. ಗ್ರಾಹಕರ ಖಾಸಗಿ ಮಾಹಿತಿಯನ್ನು ಯಾರಿಗೂ ದಾಟಿಸುವುದಿಲ್ಲ ಎಂದು ಹೊರದೇಶದ ಕಂಪನಿಗಳು ಒಪ್ಪಂದದಲ್ಲಿ ಮಾತು ಕೊಟ್ಟಿರುತ್ತವೆ. ಆ ಮಾತು ಉಳಿಸಿಕೊಂಡಿವೆಯೇ ಎಂದು ನೋಡುವ ಅಧಿಕಾರಿ ಅವಳು. ಇಲ್ಲದ ಗ್ರಾಹಕರನ್ನು ಹುಟ್ಟಿಸಿ, ಒಬ್ಬನಿಗೆ ಮೂಲವ್ಯಾಧಿ, ಇನ್ನೊಬ್ಬಳಿಗೆ ಕುದುರೆ ಜೂಜಿನ ಹುಚ್ಚು ಅಂಟಿಸಿ, ಒಂದೊಂದು ಗುಟ್ಟನ್ನು ಒಂದೊಂದು ಕಂಪನಿಯ ಕಿವಿಗೆ ಮಾತ್ರ ಹಾಕಿ ಕಾಯುವುದು. ಅದೇ ಗುಟ್ಟು ಹಿಡಿದು ಬೇರೆ ಯಾರಾದರೂ ಫೋನ್ ಮಾಡಿದರೆ ಕಂಪನಿ ಸಿಕ್ಕಿಬಿದ್ದಂತೆ.

ಇದಕ್ಕೆಂದೇ ಕಚೇರಿಯಲ್ಲಿ ಒಂದು ಫೋನ್ ಇತ್ತು. ಒಂದು ದಿನ ಅದು ರಿಪೇರಿಗೆ ಹೋಗಿತ್ತು. ಕಾಯುವ ಜಾಯಮಾನವಂತೂ ಅವಳದಲ್ಲ. ಔಷಧಿ ಮಾರುವ ಕಂಪನಿಯೊಂದಕ್ಕೆ ಬಸುರಿಯೊಬ್ಬಳನ್ನು ಸೃಷ್ಟಿಸಿ, ಮನೆಯ ನಂಬರನ್ನೇ ಕೊಟ್ಟಳು. ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡು ಮರೆತೇಬಿಟ್ಟಳು. ಮನೆಯ ಫೋನ್ ಎತ್ತುವವರು ಅತ್ತೆ ಒಬ್ಬರೇ.

ಕೆಲವು ದಿನಗಳಾದ ಮೇಲೆ ಅತ್ತೆ ಅವಳ ಕೈಯಿಂದ ನೀರಿನ ಬಕೆಟ್ ಕಿತ್ತುಕೊಂಡರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ಅವರಿಗೇನು ಗೊತ್ತಿಲ್ಲದ್ದಲ್ಲ. ಆದರೂ ಹಳೆಯ ಮೆತ್ತನೆ ಬಟ್ಟೆಗಳನ್ನೆಲ್ಲ ಒಗೆದು ಮಡಿಸತೊಡಗಿದ್ದರು. ಏನು ವಿಷಯ ಎಂದು ಸೊಸೆ ಪಟ್ಟು ಹಿಡಿದಾಗ ಬಾಯಿಬಿಟ್ಟರು. ತೊಟ್ಟಿಲಿನ ಅಂಗಡಿಯವರು ಫೋನ್ ಮಾಡಿ, ನಿಮ್ಮ ಮನೆಯಲ್ಲಿ ಬಸುರಿ ಇದ್ದಾರಲ್ಲ, ತೊಟ್ಟಿಲು ಬೇಕೇ ಎಂದರಂತೆ. ನೀನಾಗಿ ಹೇಳುವವರೆಗೆ ಕೇಳಬಾರದು ಅಂತಿದ್ದೆ ಎಂದು ನಕ್ಕರು.

ಅವಳಿಗೆ ಮೊದಲು ಆದದ್ದು ಖುಷಿ: ಕಂಪನಿ ಸಿಕ್ಕಿಬಿತ್ತು. ಮರುಗಳಿಗೆಯೇ ಆ ಖುಷಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎಷ್ಟೋ ವರ್ಷ ಆಸ್ಪತ್ರೆಗಳ ಮೆಟ್ಟಿಲು ಸವೆಸಿ, ಇನ್ನು ಸಾಕು ಎಂದು ಗಂಡ ಹೆಂಡತಿ ಕೈಬಿಟ್ಟಿದ್ದ ಮಾತು ಅದು, ಮಗುವಿನ ಮಾತು. ಅತ್ತೆಗೆ ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಬಂದಿರಲಿಲ್ಲ.

ಕರೆ ತೆಗೆದುಕೊಂಡವರ ಹೇಳಿಕೆ ಇಲ್ಲದೆ ಕೇಸು ನಿಲ್ಲುವುದಿಲ್ಲ ಎಂದರು ಮೇಲಧಿಕಾರಿ. ಬಿಟ್ಟುಬಿಡೋಣವೆಂದರೆ, ಎಷ್ಟು ಜನ ನಿಜವಾದ ಬಸುರಿಯರ ಗುಟ್ಟು ಹೀಗೆ ಮಾರಾಟವಾಗಿದೆಯೋ. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಹೋಗಿ ವಾಪಸು ನಡೆದು ಬಂದಳು. ಮನೆಯಲ್ಲಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಸುಸ್ತಾಯಿತೇನಮ್ಮ ಎಂದು ಅತ್ತೆ ಕುರ್ಚಿ ಎಳೆದು ಕೊಟ್ಟಾಗ ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಮಗು ಇಲ್ಲ. ಆ ಬಸುರಿ ಆಫೀಸಿನವಳು, ಕೆಲಸಕ್ಕೆ ಅಂತ ನಾನೇ ಹುಟ್ಟಿಸಿದ ಸುಳ್ಳು. ಇನ್ನು ಮುಂದೆಯೂ ಆಗಲ್ಲ ಅಂದಿದ್ದಾರೆ ಡಾಕ್ಟ್ರು."

ಅತ್ತೆ ಒಲೆ ಆರಿಸಿದರು. ತುಂಬ ಹೊತ್ತು ಕೈ ಒರೆಸಿಕೊಂಡರು. ಆಮೇಲೆ ಅವಳೆದುರು ಕೂತು, ಈಗ ನಾನೇನು ಮಾಡಬೇಕು ಎಂದು ಕೇಳಿದರು. ಹೇಳಿಕೆ ಕೊಡಬೇಕು ಎಂದಳು. ಯಾರು ಫೋನ್ ಮಾಡಿದ್ದು, ಏನೆಂದರು, ಎಲ್ಲವನ್ನೂ ಅತ್ತೆ ನಿಧಾನವಾಗಿ ಹೇಳಿದರು. ಅವಳು ಬರೆದುಕೊಂಡಳು. ನಿಯಮದ ಪ್ರಕಾರ ಇನ್ನೊಂದು ಪ್ರಶ್ನೆ ಉಳಿದಿತ್ತು.

"ಅದಕ್ಕೆ ನೀವೇನಂದ್ರಿ, ಅತ್ತೆ?"

"ಬೇಕು ಅಂದೆ. ಯಾವ ಬಣ್ಣ ಅಂತ ಕೇಳಿದ್ರು. ಯಾವುದಾದ್ರೂ ಪರವಾಗಿಲ್ಲ, ಬೇಗ ಕಳಿಸಿ ಅಂದೆ," ಎಂದರು ಅತ್ತೆ. "ಅದನ್ನೂ ಬರ್ಕೊ."