ಎಂಟರ್ ಒತ್ತದ ಪತ್ರ

ಹೇಮಲತಾ ಮೇಡಂ ಆಸ್ತಿ ಪತ್ರ ಟೈಪು ಮಾಡಲು ಕೂತು ಇಪ್ಪತ್ತಾರು ವರ್ಷ. ದಿನಾ ನಂಜನಗೂಡಿನಿಂದ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಬಂದು ಪತ್ರಬರಹಗಾರರ ಕೋಣೆಯಲ್ಲಿ ಕೂರುತ್ತಾರೆ. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ಬೆಳಿಗ್ಗೆಯೇ ಸಂಜೆಯ ಮುಖ ಹೊತ್ತು ಬರುತ್ತೀರಿ ಎಂದು ಅವರನ್ನು ರೇಗಿಸುವುದುಂಟು.

ಕೆಲಸ ಕಲಿಸಿದ ಮಹಾದೇವಸ್ವಾಮಿಯವರು ಮೊದಲ ದಿನವೇ ಹೇಳಿದ್ದರಂತೆ: “ಪತ್ರದಲ್ಲಿ ಖಾಲಿ ಜಾಗ ಬಿಡಬೇಡ ಕಣಮ್ಮ. ಬಿಟ್ರೆ ನಾಳೆ ಇನ್ಯಾರೋ ಅಲ್ಲಿ ಬರ್ಕೋತಾರೆ.” ಅಂದಿನಿಂದ ಮೇಡಂ ಜಮೀನಿನ ವಿವರದ ನಡುವೆ ಎಂಟರ್ ಒತ್ತಿದವರಲ್ಲ. ನಾಲ್ಕು ದಿಕ್ಕಿನ ಚೆಕ್ಕುಬಂದಿ, ಬಾವಿ, ಮರ, ದಾರಿ, ಎಲ್ಲವೂ ಒಂದೇ ಸಾಲು. ಮುಗಿಸಿದ ಮೇಲೆ ಕಕ್ಷಿದಾರರಿಗೆ ಓದಿ ಹೇಳುವುದೂ ಅವರದೇ ಕೆಲಸ.

ಹೋದ ವರ್ಷದಿಂದ ಮಣಿಕಟ್ಟು ನೋವು. ಅದದನ್ನೇ ಹೊಡೆದು ಸಾಕಾಗಿ, ನಂಜನಗೂಡಿನಲ್ಲಿ ಭಾನುವಾರದ ಕ್ಲಾಸಿಗೆ ಸೇರಿ ಸಿ ಪ್ರೋಗ್ರಾಮಿಂಗ್ ಕಲಿತರು. ಹಳೆಯ ಫೈಲಿನಿಂದ ಜಮೀನಿನ ಸಾಲನ್ನು ಓದಿ ಹೊಸ ಪತ್ರಕ್ಕೆ ತಂದಿಡುವ ಪ್ರೋಗ್ರಾಂ ಬರೆದರು. ಒಂದು ಸಾಲಿನ ಅಕ್ಷರಗಳು ಕೂರಲು ಸಾವಿರ ಮನೆ ಇಟ್ಟರು. ಕ್ಲಾಸಿನಲ್ಲಿ ಸಾಲೆಂದರೆ ಮಕ್ಕಳ ಹೆಸರು, ಮಾರ್ಕು; ಅಲ್ಲಿಗೆ ಸಾವಿರ ಧಾರಾಳ.

ಅದರಿಂದ ತೆಗೆದ ಮೂರನೆಯ ಪತ್ರ ಪುಟ್ಟಬಸಮ್ಮನದು. ಗದ್ದೆಯನ್ನು ಮಗಳು ವನಿತಾಳಿಗೆ ದಾನ ಬರೆಯಲು ಬಂದಿದ್ದಳು. ಮೇಡಂ ಓದಿದರು. “ದಕ್ಷಿಣಕ್ಕೆ ಚನ್ನಾಜಮ್ಮನವರ ಜಮೀನು” ಎಂದು ನಿಲ್ಲಿಸಿ ಇಂಕಿನ ಡಬ್ಬಿ ಮುಂದೆ ತಳ್ಳಿದರು.

ಪುಟ್ಟಬಸಮ್ಮ ಹೆಬ್ಬೆಟ್ಟು ಚಾಚಲಿಲ್ಲ. “ದಾರಿ ಎಲ್ಲವ್ವಾ? ಅಳೇ ಪತ್ರದಾಗೆ ಕೊನೇಲಿ ಬತ್ತದೆ. ಚನ್ನಾಜಮ್ಮನ ಬದು ಮೇಲೆ ಓಡಾಡಕೆ ಅಕ್ಕು. ಅದಿಲ್ದೆ ನನ್ ಮಗ್ಳು ಗದ್ದೆಗೆ ಆರ್ಕೊಂಡು ಓಯ್ತಾಳಾ?”

ಮೇಡಂ ಕಾಗದ ನೋಡಿದರು. ಅಲ್ಲಿ ‘ಜಮೀ’ ಅಂತಲೇ ನಿಂತಿತ್ತು. ದಣಿದ ಬಾಯಿ ಉಳಿದದ್ದನ್ನು ತಾನೇ ಸೇರಿಸಿಕೊಂಡಿತ್ತು. ಕನ್ನಡದ ಒಂದೊಂದು ಅಕ್ಷರವೂ ಮೂರೋ ಆರೋ ಮನೆ ನುಂಗಿ, ಸಾವಿರ ತುಂಬಿದಲ್ಲಿಗೆ ಪ್ರೋಗ್ರಾಂ ಓದುವುದನ್ನು ಬಿಟ್ಟಿತ್ತು. ತಪ್ಪೆಂದು ಒಂದು ಮಾತೂ ಹೇಳಿರಲಿಲ್ಲ. ದಾರಿಯ ಹಕ್ಕು ಹಳೆಯ ಫೈಲಿನಲ್ಲೇ ಉಳಿದಿತ್ತು.

ನೋಯುವ ಕೈಯಲ್ಲೇ ಸರಿಮಾಡಿದರು. ಎಂಟರ್ ಸಿಗುವ ತನಕ ಮತ್ತೆ ಮತ್ತೆ ಓದಿ, ತುಂಡುಗಳನ್ನು ಜೋಡಿಸುವ ಹಾಗೆ. ಆ ಎಂಟರ್ ಫೈಲಿನ ತೀರಾ ಕೊನೆಯಲ್ಲಿತ್ತು. ಒಂದೇ ಉಸಿರಿಗೆ ಮುಗಿಯದ ಆ ಸಾಲನ್ನು ಈ ಸಲ ಕೊನೆಯವರೆಗೂ ಓದಿದರು. ದಾರಿ ಬಂದ ಮೇಲೆ ಪುಟ್ಟಬಸಮ್ಮ ಹೆಬ್ಬೆಟ್ಟು ಒತ್ತಿ ಹೋದಳು.

ಐದೂವರೆ ಬಸ್ಸಿಗೆ ಹೊತ್ತಾಗಿತ್ತು. ಮೇಡಂ ಏಳದೆ ಹಿಂದಿನ ಎರಡು ಪತ್ರ ತೆರೆದರು. ಮೊದಲನೆಯದು ಚಿಕ್ಕ ಸೈಟು, ಪೂರ್ತಿ ಇತ್ತು. ಎರಡನೆಯದರಲ್ಲೂ ದಾರಿ ಹೋಗಿತ್ತು. ಅದು ಗುರುವಾರವೇ ರಿಜಿಸ್ಟರ್ ಆಗಿತ್ತು.

“ಅವತ್ತು ಕೈ ನೋವು ಅಂತ ಬೇಗ ಎದ್ದುಬಿಟ್ಟೆ, ಓದಿ ಹೇಳ್ಲೇ ಇಲ್ಲ,” ಎಂದರು.

“ಬಿಡಿ ಮೇಡಂ, ಯಾರಿಗೆ ಗೊತ್ತಾಗುತ್ತೆ,” ಎಂದೆ. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

“ನನಗೆ ಗೊತ್ತಾಯ್ತಲ್ಲ,” ಎಂದು ಆ ಎರಡನೆಯ ಪತ್ರದವರ ಫೋನ್ ನಂಬರು ಒತ್ತಿದರು. ಹೊರಗೆ ನಂಜನಗೂಡಿನ ಬಸ್ಸು ಹೊರಟಿತು. ಅತ್ತ ಕಡೆ ಯಾರೋ ಫೋನು ಎತ್ತಿದರು.

“ಅಮ್ಮಾ, ನಿಮ್ಮ ಗದ್ದೆ ಪತ್ರ ಬರೆದವಳು ನಾನು. ಕೂತ್ಕೊಳ್ಳಿ, ಪೂರ್ತಿ ಓದಿ ಹೇಳ್ತೀನಿ.”