ಅಡುಗೆಮನೆ ಮೆಟ್ಟಿಲಿನ ದೊರೆ

ಬೆಳಿಗ್ಗೆ ದೇವರ ಮುಂದೆ ಊದುಬತ್ತಿ ಹಚ್ಚಿ ಕಣ್ಣು ಮುಚ್ಚಿದರೆ ಮೂಗಿಗೆ ಬಂದದ್ದು ಬಣ್ಣದ ವಾಸನೆ. ಪಕ್ಕದ ಮನೆಯವರು ಕಿಟಕಿ ಸರಳುಗಳಿಗೆ ಪೇಂಟ್ ಹೊಡೆಸುತ್ತಿದ್ದಾರೆ. ನಮ್ಮ ಮನೆದೇವರು ಗುರುನರಸಿಂಹನಿಗೂ ಅದೇ ವಾಸನೆ ಹೋಗಿರಬೇಕು. ಪಾಪ, ಅವನು ಏನೂ ಅನ್ನಲಿಲ್ಲ. ನನಗೆ ಮಾತ್ರ ಅಷ್ಟೋತ್ತರ ಅರ್ಧಕ್ಕೇ ತಪ್ಪಿ, ಮನಸ್ಸು ಕುಂದಾಪುರದ ಈ ಮನೆ ಬಿಟ್ಟು ಹೆಮ್ಮಾಡಿಯ ಹಳೇ ಮನೆಯ ಚಾವಡಿಗೆ ಹೋಗಿ ಕೂತಿತು.

ನಾನು ಬ್ರಹ್ಮಾವರದಿಂದ ಸೊಸೆಯಾಗಿ ಆ ಮನೆಗೆ ಹೋದದ್ದು ತೊಂಬತ್ತೇಳರಲ್ಲಿ. ಚಾವಡಿಯ ಗೋಡೆಯಲ್ಲಿ, ದೇವರ ಪಟಗಳಿಗಿಂತ ಒಂದು ಗೇಣು ಮೇಲೆ, ದೊಡ್ಡದೊಂದು ಚಿತ್ರ ತೂಗುತ್ತಿತ್ತು. ನೀವು ನಮ್ಮ ಕಡೆಯವರಾದರೆ ನೋಡಿದ ಕೂಡಲೇ ಜಾಗ ಗುರುತಿಸುತ್ತಿದ್ದಿರಿ. ಅಗಲವಾದ ಹೊಳೆ, ಅದರ ಮೇಲೆ ಬಾಗಿದ ಎರಡು ತೆಂಗಿನಮರ, ನಡುವೆ ಒಂದು ದೋಣಿ, ದೂರದಲ್ಲಿ ನೀಲಿಯಾಗಿ ಕೊಡಚಾದ್ರಿ. ದೇವರಿಗಿಂತ ಮೇಲೆ ಯಾಕೆ ಎಂದು ಹೊಸ ಸೊಸೆ ಕೇಳುವ ಹಾಗಿರಲಿಲ್ಲ. ಕೇಳದೆಯೇ ಉತ್ತರ ಸಿಕ್ಕಿತು. ಅದನ್ನು ಬರೆದದ್ದು ದೊರೆ!

ಈ ದೊರೆಯ ವಕ್ತಾರರು ನಮ್ಮ ದೊಡ್ಡ ಮಾವಯ್ಯ, ಅಂದರೆ ನನ್ನ ಮಾವನ ಅಣ್ಣ. ಪ್ರಾಯದಲ್ಲಿ ಮುಂಬೈಯಲ್ಲಿ ಹೋಟೆಲು ನಡೆಸಿ, ಊರಿಗೆ ಮರಳಿದ ಮೇಲೆ ಯಜಮಾನಿಕೆ ಮತ್ತು ಮಡಿ ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಂಡವರು. ಮುಂಬೈಯಲ್ಲಿದ್ದಾಗ ಆ ಮಡಿ ಎಲ್ಲಿತ್ತೋ, ಬಹುಶಃ ಟ್ರಂಕಿನಲ್ಲಿತ್ತು. ಊರಲ್ಲಿ ಮಾತ್ರ ಸ್ವಂತ ಅಳಿಯನೂ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಬಂದ ನೆಂಟರನ್ನು ಚಿತ್ರದ ಕೆಳಗೆ ನಿಲ್ಲಿಸಿ ಶುರು ಮಾಡುತ್ತಿದ್ದರು.

"ಹ್ವಾಯ್, ಕಾಣಿ ಇಲ್ಲ್. ಕುಂದಾಪ್ರ ಬಂಗ್ಲಿಯಲ್ಲಿದ್ದ ಬಿಳಿ ದೊರೆ ನಮ್ಮ ಅಪ್ಪಯ್ಯಂಗೆ ಭಾರೀ ದೋಸ್ತಿ. ಕೈಯಾರೆ ಬರ್ದ್ ಕೊಟ್ಟದ್."

"ದೊರೆ ಹೆಸ್ರ್ ಎಂತ?"

"ಥಾಮ್ಸನ್."

ನವರಾತ್ರಿಗೆ ಥಾಮ್ಸನ್ ಆಗಿದ್ದವನು ದೀಪಾವಳಿಗೆ ಜಾನ್ಸನ್ ಆಗುತ್ತಿದ್ದ. ನೆಂಟರಿಗೆ ಕಡುಬು ಮುಂದಿರುವಾಗ ಅದರ ಗೊಡವೆ ಇರಲಿಲ್ಲ.

ದೊಡ್ಡ ಮಾವಯ್ಯನಿಗೆ ಒಬ್ಬ ತಂಗಿ, ನಮ್ಮ ಸರಸತ್ತೆ. ಎಳೆಯ ಪ್ರಾಯದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ನೇರ ಅಡುಗೆಮನೆಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ ಅಂದರೂ ಸರಿಯೇ. ಬೆಳಿಗ್ಗೆ ಚಾವಡಿ ಗುಡಿಸುವಾಗ ಮಾತ್ರ ಅವರು ಮನೆಯ ಮುಂಭಾಗದಲ್ಲಿ ಕಾಣುತ್ತಿದ್ದರು. ನನ್ನ ಪಾಲಿಗೆ ಅವರು ಮಹಾತಾಯಿ. ನನ್ನ ಮೊದಲ ವರ್ಷದ ಉಪ್ಪು ಹೆಚ್ಚಾದ ಸಾರು ಎಷ್ಟು ಸಲ ಅವರ ಹೆಸರಿನಲ್ಲಿ ಚಾವಡಿಗೆ ಹೋಗಿದೆಯೋ, ದೇವರಿಗೇ ಗೊತ್ತು.

ಒಂದು ದಿನ ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದೆ. ತಲೆಯೆತ್ತಿದರೆ ಹೊಳೆ, ಹೊಳೆಯಾಚೆ ಕೊಡಚಾದ್ರಿ, ದಡದಲ್ಲಿ ಬಾಗಿದ ಒಂದು ತೆಂಗು, ಇನ್ನೊಂದರ ಬುಡ. ಕೈಯಲ್ಲಿದ್ದ ಸೌತೆಕಾಯಿ ಹಾಗೇ ನಿಂತಿತು.

"ಅತ್ತೆ, ಚಾವಡಿ ಚಿತ್ರ ಇಲ್ಲಿಂದ ಕಂಡಾಂಗೇ ಇತ್ತಲ್ದಾ? ದೊರೆ ಇಲ್ಲ್ ಕೂಕಂಡ್ ಬರ್ದದ್ದಾ?"

ಸರಸತ್ತೆ ಸೆರಗು ಬಾಯಿಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ದೊರೆಯಾ? ನಮ್ಮನಿ ಅಡ್ಗಿಮನಿಗೆ ದೊರೇನ ಬಿಡುದುಂಟಾ ಹೆಣೆ? ಮೆಲ್ಲ ಮಾತಾಡ್. ಅದ್ ನಾ ಬರ್ದದ್."

ಆಗ ಹೊರಬಿದ್ದ ಕಥೆ ಇಷ್ಟು. ಒಂದು ಮಳೆಗಾಲ ಯಾವುದೋ ನಾಟಕ ಕಂಪನಿಯ ಪರದೆ ಬರೆಯುವವನು ಹೊರಗಿನ ಕೋಣೆಯಲ್ಲಿ ತಂಗಿದ್ದನಂತೆ. ಹೋಗುವಾಗ ಉಳಿದ ಬಣ್ಣದ ಪುಡಿ, ಬ್ರಷ್ಷು, ಹರಿದ ಪರದೆಯ ಒಂದು ತುಂಡು ಬಿಟ್ಟುಹೋದ. ಗಂಡಸರು ಉಂಡು ಮಲಗಿದ ಹೊತ್ತಿನಲ್ಲಿ ಸರಸತ್ತೆ ಮೆಟ್ಟಿಲ ಮೇಲೆ ಕೂತು ಕಂಡದ್ದನ್ನು ಬರೆದರು. ದೊಡ್ಡ ಮಾವಯ್ಯ ಆಗ ಮುಂಬೈಯಲ್ಲಿ. ಚಾವಡಿ ಗೋಡೆಯ ಗಾರೆ ಬಿದ್ದು ಅಸಹ್ಯವಾಗಿತ್ತೆಂದು ಅವರ ಅಪ್ಪಯ್ಯ ಚಿತ್ರವನ್ನು ಅಲ್ಲಿ ತೂಗಿಸಿದರು.

"ಬಂದೋರ್ ಯಾರ್ ಬರ್ದದ್ ಅಂದೇಳಿ ಕೇಂಡ್ರ್. ಗಂಡ ಸತ್ತ ಮಗ್ಳ್ ಬಣ್ಣ ಕಲ್ಸ್ಕಂಡ್ ಕೂಕಂತ್ಳ್ ಅಂಬುಕೆ ಅಪ್ಪಯ್ಯಂಗೆ ನಾಚ್ಕಿ. ಯಾರೋ ದೊರೆ ಕೊಟ್ಟದ್ ಅಂದ್ರ್."

"ನೀವಾದ್ರೂ ಹೇಳುಕಾಗ್ದಾ?"

"ಹೇಳಿ ಎಂತ ಮಾಡುದ್? ದೊರೆ ಬರ್ದದ್ ಅಂದ್ರೆ ಗೋಡಿ ಮೇಲಿರತ್ತ್. ನಾ ಬರ್ದದ್ ಅಂದ್ರೆ ಅಟ್ಟಕ್ ಹೋತ್ತ್. ದಿನಾ ಗುಡ್ಸುಕ್ ಹೋದಾಗ ಒಂದ್ ಸಲ ಕಾಂತೆ, ನಂಗಷ್ಟ್ ಸಾಕ್. ನಾನಿಪ್ಪಲ್ಲಿವರೆಗೆ ಯಾರಿಗೂ ಹೇಳ್ಬೇಡ." ತುಳಸಿ ಮುಟ್ಟಿಸಿ ಮಾತು ತೆಗೆದುಕೊಂಡರು.

ಒಂದೆರಡು ವರ್ಷ ಕಳೆದ ಮೇಲೆ ದೊಡ್ಡ ಮಾವಯ್ಯನಿಗೆ ದೊರೆಯ ಸಂಗತಿ ಪತ್ರಿಕೆಯಲ್ಲಿ ಬರಬೇಕೆಂಬ ಆಸೆ ಹುಟ್ಟಿತು. ಮಂಗಳೂರಿನ ಕಡೆಯಿಂದ ಒಬ್ಬ ಪ್ರೊಫೆಸರರನ್ನು ಕರೆಸಿದರು. ಜುಬ್ಬ, ಹೆಗಲಚೀಲ, ಭೂತಗನ್ನಡಿ, ಎಲ್ಲ ಇತ್ತು. ಚಿತ್ರ ಇಳಿಸಿ ತಿರುಗಿಸಿದರೆ ಬೆನ್ನಿನಲ್ಲಿ ನಾಟಕದ ಅರಮನೆಯ ಅರ್ಧ ಕಂಬ. ದೊರೆಯ ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಪ್ರೊಫೆಸರರು ಕಂಬಕ್ಕೆ ಮೂಗು ತಾಗಿಸಿ ನೋಡಿ, "ಅಪ್ಪಟ ಯುರೋಪಿಯನ್ ಕಂಬ! ಕಲಾವಿದ ತನ್ನ ಊರನ್ನು ನೆನೆದು ಅಭ್ಯಾಸ ಮಾಡಿದ್ದಾನೆ" ಅಂದರು. ದೊಡ್ಡ ಮಾವಯ್ಯನ ಎದೆ ಅಷ್ಟುದ್ದ ಉಬ್ಬಿತು.

ಅಲ್ಲಿಗೆ ನಿಲ್ಲಿಸಿ ಊಟಕ್ಕೆ ಕೂತಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಆದರೆ ವಿದ್ಯಾವಂತರು. ಕೂತು ಬರೆದ ಜಾಗ ಹುಡುಕದೆ ಬಿಡುವುದಿಲ್ಲವೆಂದು ಮನೆಗೆ ಸುತ್ತು ಹಾಕಿ, ಸೀದಾ ಹಿಂಬಾಗಿಲಿಗೆ ಬಂದು, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತೇಬಿಟ್ಟರು. "ಇಲ್ಲೇ! ದೊರೆ ಕೂತದ್ದು ಇಲ್ಲೇ, ಸಂಶಯವೇ ಇಲ್ಲ. ಲೇಖನ ಈ ಮೆಟ್ಟಿಲಿನಿಂದಲೇ ಶುರು ಮಾಡುತ್ತೇನೆ."

ದೊಡ್ಡ ಮಾವಯ್ಯನ ಮುಖ ಹುಣಸೆಹಣ್ಣಿನ ಹಾಗಾಯಿತು. ಏನೇನೋ ತಿನ್ನುವ ಬಿಳಿ ದೊರೆ, ಸ್ವಂತ ಅಳಿಯನಿಗೂ ಇಲ್ಲದ ಜಾಗದಲ್ಲಿ, ದಿನಗಟ್ಟಲೆ! ಅದೂ ಪತ್ರಿಕೆಯಲ್ಲಿ! ಊರಿನವರು ಇನ್ನು ಈ ಮನೆಯ ನೀರು ಮುಟ್ಟುವುದುಂಟೆ?

"ಬ್ಯಾಡ, ಎಂತದೂ ಬರೂದ್ ಬ್ಯಾಡ" ಅಂದರು. "ಹಾಂಗಾರೆ ಇದ್ ದೊರೆ ಬರ್ದದ್ದೇ ಅಲ್ಲ. ಯಾರೋ ಬೀದಿ ಬದಿಯವ ಬರ್ದದ್ದ್. ಅಟ್ಟಕ್ ಹಾಕಿ."

ಇವರು, ಅಂದರೆ ನನ್ನ ಗಂಡ, ಏಣಿ ತರಲು ಹೊರಟೇಬಿಟ್ಟರು. ನಾನು ತುಳಸಿಯ ಕ್ಷಮೆ ಕೇಳಿಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಸರಸತ್ತೆಯ ದನಿ.

"ಅಣ್ಣಯ್ಯ, ದೊರೆ ಬಂದಾಗ ಅಡ್ಗಿಮನಿ ಆಚಿ ಬದಿಗೆ ಇದ್ದಿತ್ತಲ್ದಾ? ಈ ಬದಿಗೆ ಬರೀ ಕಟ್ಗಿ ಕೊಟ್ಗಿ."

ದೊಡ್ಡ ಮಾವಯ್ಯ ತೊಡೆ ತಟ್ಟಿಕೊಂಡರು. "ಹೌದ್! ಹೌದೌದ್! ಕಾಣಿ, ನಮ್ಮ ಸರಸುಗೆ ಎಷ್ಟ್ ನೆನಪಿತ್ತ್!" ಇಲ್ಲದ ಆ ಕಟ್ಟಿಗೆ ಕೊಟ್ಟಿಗೆಯಲ್ಲಿ ತಾವು ಸಣ್ಣದಿರುವಾಗ ಅಡಗಿ ಆಡಿದ್ದೂ ಅವರಿಗೆ ನೆನಪಾಯಿತು. ತಲೆಯ ಮೇಲೆ ಮೂರು ತಲೆಮಾರಿನ ಒಲೆಮಸಿ ಜೋತು ಬಿದ್ದಿತ್ತು. ಪ್ರೊಫೆಸರರು ಭೂತಗನ್ನಡಿಯನ್ನು ಅತ್ತ ಎತ್ತಲಿಲ್ಲ.

ಆ ಮನೆಯಲ್ಲಿ ಸರಸತ್ತೆಯ ಮಾತನ್ನು ಗಂಡಸರು ಸಾಕ್ಷಿಯೆಂದು ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅದೂ ಅವರು ಸುಳ್ಳು ಹೇಳಿದಾಗ.

ಮಧ್ಯಾಹ್ನ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಎಂತಕೆ ಹಾಂಗ್ ಹೇಳಿದ್ರಿ ಅತ್ತೆ?"

"ಚಿತ್ರ ವಾಪಾಸ್ ಗೋಡಿಗೆ ಹೋಯ್ತಲೆ ಮಾರಾಯ್ತಿ" ಅಂದರು, ಅಕ್ಕಿ ಆರಿಸುತ್ತಾ.

ಅಣ್ಣ, ತಂಗಿ ಇಬ್ಬರೂ ಈಗಿಲ್ಲ. ಮನೆ ಪಾಲಾದಾಗ ದೊರೆಯ ಚಿತ್ರಕ್ಕೆ ಎಲ್ಲರೂ ಕೈಚಾಚಿದರು. ಉಪ್ಪುಂದದ ನಾದಿನಿಯಂತೂ ಅದನ್ನು ಸುತ್ತಲು ಕಂಬಳಿಯನ್ನೇ ತಂದಿದ್ದಳು. ಸರಸತ್ತೆಗೆ ಕೊಟ್ಟ ಮಾತಿನ ಅವಧಿ ಮುಗಿದಿತ್ತು. ಎಲ್ಲರೆದುರು ನಿಜ ಹೇಳಿದೆ. ನಂಬಿದರೋ ಇಲ್ಲವೋ, ಚಾಚಿದ ಕೈಗಳೆಲ್ಲ ಮೆಲ್ಲನೆ ಹಿತ್ತಾಳೆ ಹಂಡೆಯ ಕಡೆಗೆ ತಿರುಗಿದವು. ಕಂಬಳಿಯೂ ಹಂಡೆಗೇ ಆಯಿತು. ಚಿತ್ರ ನನಗೆ ಉಳಿಯಿತು. ಭಗವಂತ ಕಣ್ಣುಬಿಟ್ಟ ಅನ್ನುವುದು ಇದಕ್ಕೇ.

ಇದೆಲ್ಲ ನೆನೆಯುತ್ತಾ ಅಷ್ಟೋತ್ತರವನ್ನು ಹೇಗೋ ಮುಗಿಸಿ ಎದ್ದರೆ, ಇವರ ಜೊತೆ ಹಿಂದೆ ಕೆಲಸ ಮಾಡಿದವರೊಬ್ಬರು ಬಂದು ಕೂತಿದ್ದರು. ಕಣ್ಣು ಗೋಡೆಯ ಚಿತ್ರದ ಮೇಲೆ, ಕೈ ಆಗಲೇ ಮೊಬೈಲಿನ ಮೇಲೆ. "ಆಹಾ, ಏನು ಕೈಚಳಕ! ಯಾರೋ ದೊಡ್ಡ ಕಲಾವಿದರದ್ದಿರಬೇಕು?"

"ಹೌದು" ಅಂದೆ. "ನಮ್ಮ ಸರಸತ್ತೆ. ಅಡುಗೆಮನೆ ಮೆಟ್ಟಿಲಲ್ಲಿ ಕೂತು ಬರೆದದ್ದು."

"ಓ... ಹಾಗಾ" ಎಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಟಿವಿಯ ಕಡೆ ತಿರುಗಿ ಕೂತರು.

ಒಳಗೆ ಹೋದೆ. ಸಕ್ಕರೆ ಕಾಯಿಲೆಯ ಇವರಿಗೆಂದು ಬೇರೆ ಮಾಡಿಟ್ಟ ಸಪ್ಪೆ ಕಾಫಿಯನ್ನು ತಂದು ಅವರ ಮುಂದಿಟ್ಟೆ. ದೇವರು ಕ್ಷಮಿಸಲಿ. ಲೋಟ ಖಾಲಿ ಮಾಡಿ, ಬಹಳ ಚೆನ್ನಾಗಿದೆ ಅಂದರು.