ದಾರಕ್ಕೆ ಕಟ್ಟಿದ ಕೊಬ್ಬರಿ ಚೂರು

ಎಷ್ಟು ಸಲ ಲೆಕ್ಕ ಹಾಕಿದರೂ, ಅಂದು ನಮ್ಮನ್ನು ಬೊಂಬಾಯಿಯಿಂದ ಹೊತ್ತು ತಂದ ವಿಮಾನ ಖಾಲಿ ವಿಮಾನಕ್ಕಿಂತಲೂ ಹಗುರ ಎಂದೇ ಬರುತ್ತದೆ. ಒಳಗೆ ಒಂದು ಸೀಟೂ ಖಾಲಿ ಇರಲಿಲ್ಲ.

ಎಂಬತ್ತರ ದಶಕದ ಆರಂಭ. ಅಪ್ಪನನ್ನು ಊರಿಗೆ ಕರೆದುಕೊಂಡು ಹೋಗಿಬಿಡಿ ಎಂದು ಅಲ್ಲಿನ ಆಸ್ಪತ್ರೆಯವರು ಹೇಳಿದ್ದರು. ರೈಲಿನಲ್ಲಿ ಕೂರುವ ಶಕ್ತಿ ಅವನಿಗಿರಲಿಲ್ಲ. ಕಿಟಕಿಯ ಪಕ್ಕ ಅಪ್ಪ, ನಡುವೆ ನಾನು, ಈಚೆ ಬದಿಗೆ ಅಕ್ಕ. ಅಪ್ಪ ಮೆಲ್ಲಲು ಇಟ್ಟುಕೊಂಡಿದ್ದ ಕೊಬ್ಬರಿ ಚೂರೊಂದನ್ನು ಅವನ ಟವೆಲಿನ ಅಂಚಿನಿಂದ ಎಳೆದ ದಾರಕ್ಕೆ ಕಟ್ಟಿ ಇಳಿಬಿಟ್ಟೆ. ವಿಮಾನ ಓಡಲು ತೊಡಗಿದಾಗ ಚೂರು ಹಿಂದಕ್ಕೆ ವಾಲುತ್ತದೆ. ಎಷ್ಟು ವಾಲಿತೆಂದು ನೋಡಿದರೆ ವೇಗ ಎಷ್ಟು ಬೇಗ ಏರುತ್ತಿದೆಯೆಂದು ತಿಳಿಯುತ್ತದೆ. ಎಂಜಿನ್ನು ಎಷ್ಟು ಬಲದಿಂದ ತಳ್ಳುತ್ತದೆಂದು ಕಾಲೇಜಿನಲ್ಲಿ ಓದಿದ್ದೆ. ಅಷ್ಟು ಬಲಕ್ಕೆ ಇಷ್ಟೇ ವೇಗ ಏರಿದರೆ ವಿಮಾನ ಇಷ್ಟು ಭಾರ ಎಂದು ಲೆಕ್ಕ; ಚೂರು ಹೆಚ್ಚು ವಾಲಿದಷ್ಟೂ ವಿಮಾನ ಹಗುರ.

“ತಕ್ಕಡಿ ಇಲ್ದೆ ತೂಗ್ತೀಯೇನ್ಲಾ?” ತಿಪಟೂರಿನ ಮಂಡಿಯಲ್ಲಿ ಜೀವಮಾನವೆಲ್ಲ ಕೊಬ್ಬರಿ ತೂಗಿಸಿದ ಅಪ್ಪ ಕೇಳಿದ.

“ತೂಗ್ತೀನಿ, ನೋಡ್ತಿರು.”

ನನ್ನ ನೆನಪಿನಂತೆ, ಹೊರಟಾಗಿನಿಂದ ಮೇಲೇರುವವರೆಗೆ ನಾನು ದಾರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಚೂರು ಕಿಟಕಿಯ ಹಿಂದಿನ ಮೂಲೆಯವರೆಗೆ ವಾಲಿದ್ದು ಈಗಲೂ ಕಾಣುತ್ತದೆ. ಅಪ್ಪನ ಮುಖ ಕಾಣುವುದಿಲ್ಲ. ಆ ತಿಂಗಳೇ ಅವನು ತೀರಿಕೊಂಡ. ಅಂಥ ಹೊತ್ತಿನಲ್ಲೂ ನನಗೆ ದಾರವೇ ಹೆಚ್ಚಾಗಿತ್ತೆ ಎಂದು ಕೇಳಿಕೊಂಡೇ ಇಷ್ಟು ವರ್ಷ ದಣಿದಿದ್ದೇನೆ.

ಮೊನ್ನೆ ತುರುವೇಕೆರೆಯಲ್ಲಿ ಅಕ್ಕನ ಮುಂದೆ ಇದನ್ನೆಲ್ಲ ಹೇಳಿದೆ. ಅವಳು ನಕ್ಕುಬಿಟ್ಟಳು.

“ನೀನೆಲ್ಲಿ ನೋಡ್ದೆ? ಸದ್ದು ಜೋರಾಗ್ತಿದ್ದಂಗೇ ದಾರಾನ ಅಪ್ಪನ ಕೈಗೆ ಕೊಟ್ಟು, ಕಣ್ಮುಚ್ಕಂಡು ಅವನ ತೋಳು ಅವುಚ್ಕಂಡಿದ್ದೆ ಕಣ್ಲಾ. ದೊಡ್ಡ ಇಂಜಿನಿಯರ್ರು!”

“ಆಮೇಲೆ?”

“ಮೇಲಕ್ಕೋದ್ಮೇಲೆ ಕಣ್ ಬುಟ್ಟೆ.”

ವಿಮಾನ ಮೂತಿ ಎತ್ತಿದ ಮೇಲೆ ವೇಗ ಏರದಿದ್ದರೂ, ಒಳಗೆ ಕೂತವರಿಗೆ ದಾರ ಹಿಂದಕ್ಕೆ ವಾಲಿದಂತೆಯೇ ಕಾಣುತ್ತದೆ. ನಾನು ಕಂಡದ್ದು ಅದಾದರೆ, ವಿಮಾನ ಅಷ್ಟು ಹಗುರವಾಗಿ ಬಂದದ್ದಕ್ಕೆ ಕಾರಣ ಸಿಕ್ಕಿತು. ಅಕ್ಕ ನನ್ನ ಸಮಾಧಾನಕ್ಕೆ ಹೇಳಿದಳೋ ಎಂಬ ಅನುಮಾನ ಪೂರ್ತಿ ಹೋಗಿಲ್ಲ. ಲೆಕ್ಕ ಮಾತ್ರ ಅವಳ ಪರವಾಗಿದೆ.

ಹಾಗಾದರೆ, ನೆಲದ ಮೇಲೆ ಓಡುವಾಗ ದಾರ ಎಷ್ಟು ವಾಲಿತೆಂದು ಕಂಡವನು ಅಪ್ಪ ಒಬ್ಬನೇ. ಅಂದು ವಿಮಾನ ಇಳಿದು ನಮ್ಮೂರು ಕಂದಿಕೆರೆಗೆ ಬರುವ ಕಾರಿನಲ್ಲಿ, “ಎಷ್ಟು ಬಂತ್ಲಾ ತೂಕ?” ಎಂದು ಅವನು ಕೇಳಿದ್ದು ನಿಜ, ಅದು ಅಕ್ಕನಿಗೂ ನೆನಪಿದೆ. ಮನೆಗೆ ಹೋಗಿ ಹೇಳುತ್ತೇನೆ ಎಂದಿದ್ದೆ. ನೀನೇನು ಕಂಡೆ ಎಂದು ಅವನನ್ನು ಕೇಳಲೇ ಇಲ್ಲ.